ಮೆಟ್ಟಿಲ ಮೇಲಿನ ಸಮುದ್ರ ಮತ್ತು ಒಂಬತ್ತನೇ ಕಲಂ

ಮಾನ್ಯ ಅನುಮತಿ ಅಧಿಕಾರಿಗಳೇ,

ತಾವು ಕಳಿಸಿದ ಹಿಂಬರಹ ಕೈಸೇರಿತು. ಎರಡು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೇ ಸಲ ನಗು ತಡೆಯಲಾರದೆ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟುಬಿಟ್ಟೆ. ಪ್ಯಾಂಟಿನ ಅಂಚು ಮಡಿಸಿ ಹೊಲಿಸಲು ಬಂದಿದ್ದ ಗಿರಾಕಿಯೊಬ್ಬರು, ಪಾಪ, ನನಗೇನೋ ಸಾವಿನ ಸುದ್ದಿ ಬಂದಿದೆಯೆಂದು ತಿಳಿದು ಪ್ಯಾಂಟನ್ನು ಅಲ್ಲೇ ಬಿಟ್ಟು ಮೆಲ್ಲಗೆ ಜಾರಿಕೊಂಡರು. ಇಂದಿಗೂ ಅದು ಮೊಳೆಗೆ ನೇತಾಡುತ್ತಿದೆ. ಈ ಪತ್ರ ಅವರ ಕಣ್ಣಿಗೂ ಬಿದ್ದರೆ ಬಂದು ಒಯ್ಯಲಿ.

ತಮ್ಮ ಹಿಂಬರಹದಲ್ಲಿ ಮೂರು ಸಂಗತಿಗಳಿವೆ. ಗ್ರಂಥಾಲಯದ ಮೇಲ್ಮಹಡಿಯ ಸಭಾಂಗಣವನ್ನು ಭಾನುವಾರದ ಬೆಳಗ್ಗೆ ನಮ್ಮ ಹುಡುಕಾಟ ಮತ್ತು ವಿಜ್ಞಾನ ಕೂಟಕ್ಕೆ ಕೊಡುತ್ತಿದ್ದುದನ್ನು ರದ್ದು ಮಾಡಲಾಗಿದೆ. ಮುಂದಿನ ಆರು ತಿಂಗಳು ಕೂಟದವರು ಎಲ್ಲಿಗೂ ‘ಕ್ಷೇತ್ರ ವೀಕ್ಷಣೆ’ಗೆ ಹೋಗಕೂಡದು. ಮತ್ತು ತಮ್ಮ ಕಚೇರಿಯ ಮುಂಭಾಗದ ಹಳೆಯ ಕಲ್ಲಿನ ಮೆಟ್ಟಿಲುಗಳಿಗೆ, ‘ಸಾರ್ವಜನಿಕರು ಮೆಟ್ಟಿಲುಗಳನ್ನು ನೋಡುತ್ತ ನಿಲ್ಲುವುದನ್ನು ತಪ್ಪಿಸುವ ಸಲುವಾಗಿ’, ಹೊಳೆಯುವ ಟೈಲ್ಸ್ ಹಾಕಿಸಲಾಗುವುದು. ಇಷ್ಟಕ್ಕೆಲ್ಲ ಕಾರಣ ಒಂದೇ ಸಾಲಿನದು: ‘ನಮೂನೆಯ ಒಂಬತ್ತನೇ ಕಲಂನಲ್ಲಿ ನಮೂದಿಸದೇ ಇರುವ ವಸ್ತುವನ್ನು ಕೂಟದ ಸದಸ್ಯರು ನೋಡಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ.’

ಮಾನ್ಯರೇ, ನೋಡಿದ್ದು ನಿಜ. ತಪ್ಪೊಪ್ಪಿಗೆ ಬೇಕಿದ್ದರೆ ಇಲ್ಲೇ ಬರೆದುಕೊಡುತ್ತೇನೆ. ಹನ್ನೊಂದು ಜನ ಹಾಡಹಗಲಲ್ಲಿ, ಕಣ್ಣು ಪೂರ್ತಿ ತೆರೆದುಕೊಂಡು, ಭೂತಗನ್ನಡಿ ಹಿಡಿದು ನೋಡಿದೆವು. ಆದರೆ ಇದೇ ಮಾತನ್ನು ಟಪಾಲಿನಲ್ಲಿ ಮೂರು ಸಲ ಬರೆದು ಹಾಕಿದರೂ ಉತ್ತರ ಬಾರದ ಕಾರಣ ಈಗ ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಬೇಕಾಗಿದೆ. ಊರಿಗೆ ಒಂಬತ್ತನೇ ಕಲಂ ಗೊತ್ತಿಲ್ಲವಾದ್ದರಿಂದ ಮೊದಲು ಅದರ ಮಹಿಮೆ ಹೇಳಬೇಕು.

ನಮ್ಮದು ದೊಡ್ಡ ಕೂಟವಲ್ಲ. ತಿಂಗಳಿಗೆರಡು ಭಾನುವಾರ ಉಪನ್ಯಾಸ, ಒಂದು ಭಾನುವಾರ ತಿರುಗಾಟ. ಸೋಪು ಯಾಕೆ ನೊರೆಯಾಗುತ್ತದೆ, ನಕ್ಷೆಗಳು ಎಲ್ಲೆಲ್ಲಿ ಸುಳ್ಳು ಹೇಳುತ್ತವೆ, ನಮ್ಮೂರಿನ ಚರಂಡಿ ನೀರು ಕೊನೆಗೆ ಯಾವ ಊರಿನವರ ಪಾಲಾಗುತ್ತದೆ, ಇಂಥ ವಿಷಯಗಳು. ಅಧ್ಯಕ್ಷರು ನಿವೃತ್ತ ಭೂಗೋಳದ ಮೇಷ್ಟ್ರು. ಮಾತಿನ ನಡುವೆ ಸೀಮೆಸುಣ್ಣ ಸಿಗದಿದ್ದರೆ ಬಿಸ್ಕತ್ತಿನಲ್ಲೇ ಹಲಗೆಯ ಮೇಲೆ ಬರೆಯಲು ಹೊರಡುವ ಮನುಷ್ಯ. ತಿರುಗಾಟದ ಹೊಣೆ ನಾವೆಲ್ಲ ‘ರೈಟ್ ರೈಟ್’ ಎಂದು ಕರೆಯುವ ಬಸ್ ಕಂಡಕ್ಟರರದು. ಯಾವ ಜಾಗಕ್ಕೆ ಎಷ್ಟು ಹೊತ್ತಿಗೆ ಹೊರಟರೆ ಬಿಸಿಲು ತಲೆಗೇರುವ ಮೊದಲು ಮನೆ ಸೇರಬಹುದೆಂದು ಅವರಿಗೆ ಗೊತ್ತು. ಸದಸ್ಯರನ್ನು ಎಣಿಸದೆ ಒಂದು ಹೆಜ್ಜೆ ಇಡುವುದಿಲ್ಲ. ಎಣಿಸಿ ಮುಗಿಸಿ ಮರಕ್ಕೆ ಎರಡೇಟು ಹೊಡೆದು ‘ರೈಟ್’ ಎಂದ ಮೇಲೆಯೇ ನಾವು ಹೊರಡುವುದು.

ಊರಿನ ಸಾರ್ವಜನಿಕ ಜಾಗಕ್ಕೆ ಗುಂಪಾಗಿ ಹೋಗಲು ತಮ್ಮ ಕಚೇರಿಯ ನಮೂನೆ ತುಂಬಬೇಕು. ಅದರ ಎಂಟು ಕಲಂಗಳ ಮೇಲೆ ನಮಗೆ ಯಾವ ದೂರೂ ಇಲ್ಲ. ಒಂಬತ್ತನೆಯದು ಹೀಗಿದೆ: ‘ವೀಕ್ಷಣೆಯ ಸಂದರ್ಭದಲ್ಲಿ ಕಂಡುಬರಲಿರುವ ವಸ್ತು, ಪ್ರಾಣಿ, ಪಕ್ಷಿ ಇತ್ಯಾದಿಗಳ ಪಟ್ಟಿ, ಸಂಖ್ಯಾಸಹಿತ.’ ಮೊದಲ ಸಲ ಮೇಷ್ಟ್ರು ಪ್ರಾಮಾಣಿಕವಾಗಿ ‘ಗೊತ್ತಿಲ್ಲ’ ಎಂದು ಬರೆದರು. ಅರ್ಜಿ ವಾಪಸು ಬಂತು. ಎರಡನೇ ಸಲ, ಕೆರೆ ಏರಿಗೆ ಹೋಗುವಾಗ, ‘ಪಕ್ಷಿ, ನಾಲ್ಕು’ ಎಂದು ಬರೆದರು. ಹಾಳಾದ ಪಕ್ಷಿಗಳು ಹನ್ನೊಂದು ಬಂದವು. ಹೆಚ್ಚುವರಿ ಏಳು ಪಕ್ಷಿಗಳ ಬಗ್ಗೆ ಸಮಜಾಯಿಷಿ ಕೇಳಿ ತಮ್ಮಿಂದ ನೋಟಿಸು ಬಂತು. ಮೂರನೇ ಸಲ ಮೇಷ್ಟ್ರು ರಿಸ್ಕೇ ಬೇಡವೆಂದು ಪುಟದ ಹಿಂಬದಿಯನ್ನೂ ತುಂಬಿಸಿದರು. ಇರುವೆಯಿಂದ ಹಿಡಿದು ಆನೆಯವರೆಗೆ ಬರೆದರು. ತಾವು ಅನುಮತಿ ಕೊಟ್ಟಿರಿ. ಆಮೇಲೆ, ಆನೆ ಕಂಡುಬಾರದಿರಲು ಕಾರಣವೇನೆಂದು ಕೇಳಿದಿರಿ.

ಮಾನ್ಯರೇ, ಏನು ಕಾರಣ ಕೊಡಲಿ? ಆನೆ ಆ ದಿನ ರಜೆಯಲ್ಲಿತ್ತೆನ್ನಲೇ? ನಗಬೇಡಿ, ಒಂದು ಗಂಭೀರ ಪ್ರಶ್ನೆ ಕೇಳುತ್ತೇನೆ. ಏನು ಸಿಗುತ್ತದೆಂದು ಮೊದಲೇ ಗೊತ್ತಿದ್ದರೆ ಮನುಷ್ಯ ಹುಡುಕಲು ಯಾಕೆ ಹೊರಡುತ್ತಾನೆ? ಚಪ್ಪಲಿ ಹಾಕಿಕೊಂಡು ಮನೆಯಿಂದ ಆಚೆ ಬರುವ ಖುಷಿಯೇ ಪಟ್ಟಿಯಲ್ಲಿಲ್ಲದ್ದು ಎದುರಾಗಬಹುದೆಂಬುದರಲ್ಲಿ ಇದೆಯಲ್ಲವೇ? ಪಟ್ಟಿಯಲ್ಲಿರುವುದನ್ನೇ ನೋಡಿ ಬರುವುದಕ್ಕೆ ದಿನಸಿ ಅಂಗಡಿ ಸಾಕು.

ಇದು ನನಗೆ ಬರೀ ವಾದದ ಮಾತಲ್ಲ. ನನ್ನ ಅಕ್ಕನ ಮಾತು. ಅವಳ ವಿಷಯ ಹೇಳದೆ ಈ ಪತ್ರಕ್ಕೆ ಬೆನ್ನೆಲುಬು ಬರುವುದಿಲ್ಲ.

ಅಕ್ಕ ಇಪ್ಪತ್ತೊಂಬತ್ತು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಒಂದು ಪುಟದಲ್ಲಿ ಒಂದು ಒತ್ತು ಜಾರಿದ್ದರೆ, ಪುಟ ಓದುವ ಮೊದಲೇ ಅವಳ ಕಣ್ಣಿಗೆ ಅದು ಅನ್ನದೊಳಗಿನ ಕಲ್ಲಿನ ಹಾಗೆ ಸಿಗುತ್ತಿತ್ತು. ಎರಡು ವರ್ಷದ ಹಿಂದೆ ಮುದ್ರಣಾಲಯ ಮುಚ್ಚಿತು. ಅಕ್ಕ ಕನ್ನಡಕದ ಪೆಟ್ಟಿಗೆ, ಕೆಂಪು ಪೆನ್ಸಿಲ್ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಅಂಗಡಿಯ ಹಿಂದಿನ ಕೋಣೆಯ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಮೊದಮೊದಲು ಮನೆಯಲ್ಲಿದ್ದುದನ್ನೆಲ್ಲ ತಿದ್ದಿದಳು. ಸೋಪಿನ ಹೊದಿಕೆ, ಮಾತ್ರೆಯ ಚೀಟಿ, ನನ್ನ ಅಳತೆ ಪುಸ್ತಕ ಒಂದನ್ನೂ ಬಿಡಲಿಲ್ಲ. ‘ತೋಳು’ ಬರೆಯುವಲ್ಲಿ ನಾನು ‘ತೋಳ’ ಬರೆದಿದ್ದೆನಂತೆ. “ಈ ಮನುಷ್ಯನಿಗೆ ಇಪ್ಪತ್ತೆರಡು ಇಂಚಿನ ತೋಳ ಇದೆ ಅಂತ ಬರ್ದಿದ್ದೀಯಲ್ಲೇ ಪುಟ್ಟಿ, ಕಚ್ಚಲ್ವಾ ಅದು?” ಎಂದಳು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೊಂದು ದಿನ ಪೆನ್ಸಿಲ್ ಕೆಳಗಿಟ್ಟಳು. ಮಾತು ಕಡಿಮೆಯಾಯಿತು. ಊಟಕ್ಕೆ ಕರೆದರೆ ಬರುವಳು, ತಿಂದು ಹೋಗಿ ಕೂರುವಳು. ಬಾಗಿಲಾಚೆ ಕಾಲಿಡದೆ ಏಳು ತಿಂಗಳಾಯಿತು. ಬಾ ಎಂದು ಎಷ್ಟು ಕರೆದರೂ, “ಆಚೆ ಏನಿದೆ?” ಎನ್ನುವಳು.

ಹಾಗಿರುವಾಗ ಕೂಟದ ಕರಪತ್ರವೊಂದು ಅಂಗಡಿಗೆ ಬಂತು. ‘ಎರೆಹುಳು: ನೆಲದಡಿಯ ಕೆಲಸಗಾರ’ ಎಂದಿರಬೇಕಾದ ಕಡೆ ‘ಎರಡುಹುಳು’ ಎಂದು ಅಚ್ಚಾಗಿತ್ತು. ಅದನ್ನು ನಾನು ಅಕ್ಕನ ಮುಂದಿಟ್ಟೆ. ಬೇಕೆಂತಲೇ ಇಟ್ಟೆ. ಅವಳು ನೋಡಿದಳು, ಪಕ್ಕಕ್ಕೆ ತಳ್ಳಿದಳು, ಮತ್ತೆ ಎಳೆದುಕೊಂಡಳು. ಭಾನುವಾರ ಬೆಳಗ್ಗೆ ನಾನು ಎದ್ದು ನೋಡುವಷ್ಟರಲ್ಲಿ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಿಗಕ್ಕ?”

“ಇವರಿಗೆ ಯಾರಾದ್ರೂ ಹೇಳ್ಬೇಕಲ್ಲ.”

ಉಪನ್ಯಾಸದ ಕೊನೆಗೆ ಮೇಷ್ಟ್ರು ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಅಕ್ಕ ಕೈ ಎತ್ತಿದಳು. ಕರಪತ್ರದ ತಪ್ಪು ಹೇಳುತ್ತಾಳೆಂದು ನಾನು ತಲೆ ತಗ್ಗಿಸಿದ್ದೆ. ಅವಳು ಕೇಳಿದ್ದೇ ಬೇರೆ. “ಅದಕ್ಕೆ ಕಣ್ಣಿಲ್ಲ ಅಂದ್ರಲ್ಲ, ಬೆಳಕು ಬಂದಿದ್ದು ಹೇಗೆ ಗೊತ್ತಾಗುತ್ತೆ?” ಮೇಷ್ಟ್ರ ಮುಖ ಬೆಳಗಿದ್ದನ್ನು ತಾವು ನೋಡಬೇಕಿತ್ತು. ಚರ್ಮದಲ್ಲೇ ಬೆಳಕು ತಿಳಿಯುವ ಜೀವಕೋಶಗಳಿವೆ ಎಂದು ವಿವರಿಸುತ್ತ ವಿವರಿಸುತ್ತ ಕೈಲಿದ್ದ ಬಿಸ್ಕತ್ತನ್ನು ಪುಡಿ ಮಾಡಿಬಿಟ್ಟರು. ಮನೆಗೆ ಬರುವ ದಾರಿಯಲ್ಲಿ ಅಕ್ಕ ನನ್ನ ತೋಳು ಹಿಡಿದು, “ಪುಟ್ಟೀ, ಮೈಯೆಲ್ಲ ಕಣ್ಣಂತೆ ಕಣೇ!” ಎಂದು ರಸ್ತೆಯಲ್ಲೇ ನಿಂತು ನಕ್ಕಳು. ಅವಳ ಆ ನಗುವನ್ನು ನಾನು ಮರೆತೇಬಿಟ್ಟಿದ್ದೆ.

ಈಗ ಮೆಟ್ಟಿಲಿನ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ಊರಾಚೆಯ ಹಳೇ ಕಲ್ಲುಗಣಿಗೆ ಹೋಗಲು ಅನುಮತಿ ಕೇಳಿ ನಾನೂ ಅಕ್ಕನೂ ತಮ್ಮ ಕಚೇರಿಗೆ ಬಂದಿದ್ದೆವು. ಅದು ಮೂರನೆಯ ಭೇಟಿ. ಸರತಿ ಸಾಲು ಒಳಗಿನ ಕಿಟಕಿಯಿಂದ ಹೊರಟು, ಪಡಸಾಲೆ ದಾಟಿ, ಮೆಟ್ಟಿಲಿಳಿದು, ನಾಲ್ಕನೇ ಮೆಟ್ಟಿಲಿಗೆ ಬಂದು ನಿಂತಿತ್ತು. ನಾವು ಆ ನಾಲ್ಕನೇ ಮೆಟ್ಟಿಲಲ್ಲಿ ಮುಕ್ಕಾಲು ಗಂಟೆ ನಿಂತೆವು. ತಮ್ಮ ಕಚೇರಿಯ ವಿಳಂಬಕ್ಕೆ ವಿಜ್ಞಾನ ಎಂದೆಂದೂ ಋಣಿಯಾಗಿರುತ್ತದೆ. ಸಾಲು ಚುರುಕಾಗಿ ನಡೆದಿದ್ದರೆ ಅಕ್ಕ ಕೆಳಗೆ ನೋಡುತ್ತಲೇ ಇರಲಿಲ್ಲ.

“ಪುಟ್ಟೀ, ಇಲ್ಲಿ ಯಾರೋ ‘ಅ’ ಬರೆಯೋಕೆ ಹೋಗಿ ಅರ್ಧಕ್ಕೇ ಬಿಟ್ಟಿದ್ದಾರೆ ನೋಡು.”

ಬಗ್ಗಿ ನೋಡಿದೆ. ಕಲ್ಲಿನೊಳಗೆ ಒಂದು ಸುರುಳಿ. ನನ್ನ ಹೆಬ್ಬೆರಳಿನಷ್ಟು ಅಗಲ. ಒಳಗೊಳಗೇ ಸುತ್ತಿಕೊಂಡು ಹೋಗಿ ಚುಕ್ಕಿಯಾಗುತ್ತದೆ. ಸುತ್ತಿನ ಉದ್ದಕ್ಕೂ ಹೊಲಿಗೆ ಹಾಕಿದಂತೆ ಅಡ್ಡಗೆರೆಗಳು. ನಾನು ಮೂವತ್ತು ವರ್ಷ ಹೊಲಿದವಳು, ಅಷ್ಟು ಸಮನಾದ ಹೊಲಿಗೆ ನನ್ನ ಕೈಯಿಂದ ಇಂದಿಗೂ ಬಂದಿಲ್ಲ. ಅಕ್ಕ ಮಂಡಿಯೂರಿದಳು. ಹಿಂದಿದ್ದವರು, “ಅಮ್ಮಾ, ಸಾಲು ಮುಂದೆ ಹೋಯ್ತು” ಎಂದರು. “ನೀವು ಹೋಗಿ ಅಪ್ಪಾ” ಎಂದು ಅಕ್ಕ ದಾರಿ ಬಿಟ್ಟಳು. ಒಬ್ಬರಾದ ಮೇಲೊಬ್ಬರು ಇಪ್ಪತ್ತಾರು ಜನ ನಮ್ಮನ್ನು ದಾಟಿ ಹೋದರು. ಸರ್ಕಾರಿ ಕಚೇರಿಯ ಸಾಲಿನಲ್ಲಿ ತಾನಾಗಿ ಹಿಂದೆ ಉಳಿದವರು ನಮ್ಮೂರಿನಲ್ಲಿ ಬೇರೆ ಯಾರಾದರೂ ಇದ್ದಾರೆಯೇ, ತಮ್ಮ ಕಡತಗಳಲ್ಲಿ ಹುಡುಕಿಸಿ ನೋಡಿ.

ಅಕ್ಕ ಬಿಳಿ ಕಾಗದ ಇಟ್ಟು ಕೆಂಪು ಪೆನ್ಸಿಲಿನಲ್ಲಿ ಉಜ್ಜಿ ಸುರುಳಿಯ ಅಚ್ಚು ತೆಗೆದಳು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹೇಳಿದರು: ಇದು ಪಳೆಯುಳಿಕೆ. ಸಮುದ್ರದಲ್ಲಿ ಈಜಾಡಿಕೊಂಡಿದ್ದ ಚಿಪ್ಪಿನ ಜೀವಿ. ಕೆಸರಿನಲ್ಲಿ ಹೂತು, ಕೆಸರು ಕಲ್ಲಾಗಿ, ಆ ಕಲ್ಲು ನಮ್ಮ ಹಳೇ ಗಣಿಯಿಂದ ಎದ್ದು ಬಂದು ಕಚೇರಿಯ ಮೆಟ್ಟಿಲಾಗಿದೆ. ಹತ್ತು ಕೋಟಿ ವರ್ಷದ ಸಮಾಚಾರ ಅದು. ಗಣಿಗೆ ಹೋಗಲು ಅನುಮತಿ ಕೇಳುತ್ತ ನಾವು ಗಣಿಯ ಮೇಲೆಯೇ ನಿಂತಿದ್ದೆವು!

ಮರುದಿನವೇ ಹೊರಟೆವು. ಕಚೇರಿಯ ವೇಳೆಯಲ್ಲಿ ನಾಗರಿಕರು ಕಚೇರಿಗೆ ಬರಲು ಅನುಮತಿ ಬೇಕಿಲ್ಲವಷ್ಟೇ? ಹನ್ನೊಂದು ಜನ. ರೈಟ್ ರೈಟ್ ಎಣಿಸಿದರು, ಕಚೇರಿಯ ಗೇಟಿಗೆ ಎರಡೇಟು ಹೊಡೆದರು. ಬಂದು ಹೋಗುವವರಿಗೆ ದಾರಿ ಬಿಟ್ಟು ಒಬ್ಬೊಬ್ಬರು ಒಂದೊಂದು ಮೆಟ್ಟಿಲು ಹಂಚಿಕೊಂಡು ಮಂಡಿಯೂರಿದೆವು. “ಇಲ್ಲೊಂದಿದೆ!” “ಇಲ್ಲೆರಡು!” “ಏಯ್, ನನ್ನದು ಕೊಂಬಿನ ಹಾಗಿದೆ!” ಎಂಬ ಕೂಗು. ಐವತ್ತು ದಾಟಿದ ಜನ ಹಾಗೆ ಕಿರುಚಿದ್ದನ್ನು ನಾನಂತೂ ಹಿಂದೆಂದೂ ಕೇಳಿರಲಿಲ್ಲ. ಆಗ ತಾವು ಊಟ ಮುಗಿಸಿ ಹೊರಗೆ ಬಂದಿರಿ.

“ಏನಿದು? ಯಾರದಾದ್ರೂ ಏನಾದ್ರೂ ಬಿದ್ದುಹೋಯ್ತಾ?”

“ಬಿದ್ದಿಲ್ಲ ಸಾರ್, ಸಿಕ್ಕಿದೆ” ಎಂದರು ರೈಟ್ ರೈಟ್.

ಅಕ್ಕ ತಮ್ಮ ಕೈಗೆ ಭೂತಗನ್ನಡಿ ಕೊಟ್ಟಳು. ತಾವು ಕಂಕುಳಲ್ಲಿ ಕಡತ ಒತ್ತಿಕೊಂಡೇ ಬಗ್ಗಿದಿರಿ. “ಎಲ್ಲಿ?” ಎಂದಿರಿ. “ನನ್ನ ಬೆರಳಿನ ತುದಿ ನೋಡಿ. ಸುತ್ತಿಕೊಂಡು ಒಳಗೆ ಹೋಗುತ್ತಲ್ಲ” ಎಂದಳು ಅಕ್ಕ. ಆಗ ತಾವು “ಅರೆ!” ಎಂದಿರಿ. ಮಾನ್ಯರೇ, ಇದನ್ನು ತಾವು ಅಲ್ಲಗಳೆಯಲಾಗದು. ನಾನು ಮೂರಡಿ ದೂರದಲ್ಲಿದ್ದೆ. ಕಡತವನ್ನು ಕೆಳಗಿಟ್ಟಿರಿ. ಒಂದು ಮಂಡಿಯೂರಿದಿರಿ. “ಹಾಗಾದ್ರೆ ಇಲ್ಲಿ ಸಮುದ್ರ ಇತ್ತಾ?” ಎಂದು ಕೇಳಿದಿರಿ. “ಇತ್ತು” ಎಂದರು ಮೇಷ್ಟ್ರು. “ಇಷ್ಟು ವರ್ಷ ನಾನು ಇದರ ಮೇಲೇ ಓಡಾಡ್ತಿದ್ದೀನಾ?” ಎಂದು ತಾವು ನಕ್ಕಿರಿ. ತಮ್ಮ ಕಚೇರಿಯ ಬಾಗಿಲಲ್ಲಿ ಇಣುಕುತ್ತಿದ್ದ ಸಿಬ್ಬಂದಿ ತಮ್ಮ ಆ ನಗುವನ್ನೇ ಪಳೆಯುಳಿಕೆಗಿಂತ ಹೆಚ್ಚು ಬೆರಗಿನಿಂದ ನೋಡಿದರು.

ಆಮೇಲೇನಾಯಿತೋ. ಗುಮಾಸ್ತರೊಬ್ಬರು ಸಹಿಗೆಂದು ಕಾಗದ ಹಿಡಿದು ಬಂದರು. ತಾವು ಎದ್ದಿರಿ, ಮಂಡಿಯ ಧೂಳು ಕೊಡವಿದಿರಿ, ಅಂಗಡಿಯ ಷಟರು ಎಳೆದ ಹಾಗೆ ತಮ್ಮ ಮುಖ ಮುಚ್ಚಿಕೊಂಡಿತು. “ಇದಕ್ಕೆ ಅನುಮತಿ ಇದೆಯಾ?” ಎಂದಿರಿ. ಯಾವುದಕ್ಕೆಂದು ನಮಗೆ ತಿಳಿಯಲಿಲ್ಲ. ಹಿಂಬರಹ ಬಂದ ಮೇಲೆ ತಿಳಿಯಿತು. ತಮ್ಮ ಮೇಲೆ ನನಗೆ ಕೋಪವಿದೆ, ಆದರೆ ಅದು ತಾವು ಕುರುಡರೆಂಬ ಕೋಪವಲ್ಲ. ಕಣ್ಣಾರೆ ನೋಡಿ, ಖುಷಿಪಟ್ಟು, ಆಮೇಲೆ ನೋಡಲೇ ಇಲ್ಲವೆಂಬಂತೆ ಸಹಿ ಹಾಕಿದಿರಲ್ಲ, ಆ ಕೋಪ. ಒಂಬತ್ತನೇ ಕಲಂನಲ್ಲಿ ಬರೆಯದ್ದನ್ನು ನೋಡಿದ್ದೇ ಅಪರಾಧವಾದರೆ, ಹನ್ನೆರಡನೇ ಆರೋಪಿಯ ಮೇಲೆ ಕ್ರಮ ಯಾವಾಗ?

ಈಚಿನ ಸಂಗತಿ ತಮಗೆ ಅರ್ಧ ಮಾತ್ರ ಗೊತ್ತಿರಬೇಕು. ಹೋದ ವಾರ ಟೈಲ್ಸ್ ಕೆಲಸದ ಮೇಸ್ತ್ರಿ ಮೆಟ್ಟಿಲ ಅಳತೆ ತೆಗೆಯಲು ಬಂದರು. ಅಕ್ಕ ನಾಲ್ಕನೇ ಮೆಟ್ಟಿಲಲ್ಲಿ ಕೂತಿದ್ದಳು. ಅವರು ಜಗಳವಾಡಲಿಲ್ಲ, ಪಕ್ಕದಲ್ಲೇ ಕೂತರು.

“ಎದ್ದೇಳಿ ಅಂತ ಹೇಳೋದು ಸುಲಭ ಅಮ್ಮ. ಆದ್ರೆ ಹಂಗೇ ಮೇಲೆ ಟೈಲ್ಸ್ ಅಂಟಿಸೋಕೆ ಆಗಲ್ಲ, ಗೊತ್ತಾ? ಕಲ್ಲು ಸವೆದು ನುಣ್ಣಗಾಗಿದೆ. ಮೊದಲು ಉಳಿಯಿಂದ ಕೆತ್ತಿ ಒರಟು ಮಾಡ್ಬೇಕು. ಇಲ್ಲಾಂದ್ರೆ ಸಿಮೆಂಟು ಹಿಡಿಯಲ್ಲ.”

“ಕೆತ್ತಿದ್ರೆ ಇದು?” ಅಕ್ಕ ಸುರುಳಿ ತೋರಿಸಿದಳು.

ಮೇಸ್ತ್ರಿ ಎಂಜಲು ಹಚ್ಚಿ ಹೆಬ್ಬೆರಳಿನಿಂದ ಅದನ್ನು ಒರೆಸಿದರು. ಒದ್ದೆಯಾದ ಕಲ್ಲಿನಲ್ಲಿ ಗೆರೆಗಳು ಫಳ್ಳನೆ ಎದ್ದವು. ಅಷ್ಟು ಚೆನ್ನಾಗಿ ನಮಗ್ಯಾರಿಗೂ ಅದು ಕಂಡಿರಲಿಲ್ಲ. ನೀರು ಹಾಕಿ ನೋಡಬೇಕೆಂಬುದು ಕಲ್ಲಿನ ಕೆಲಸದವರಿಗೇ ಗೊತ್ತಿದ್ದ ವಿದ್ಯೆ. ಅವರು ಅಳತೆ ಟೇಪನ್ನು ಪಕ್ಕಕ್ಕಿಟ್ಟು, ತಂಬಿಗೆಯಲ್ಲಿ ನೀರು ತಂದು, ಹನ್ನೆರಡು ಮೆಟ್ಟಿಲನ್ನೂ ತೊಳೆದು ಎಣಿಸಿದರು. ಮೂವತ್ತೊಂದು! ನಾವು ಹನ್ನೊಂದು ಜನ ಸೇರಿ ಹುಡುಕಿದ್ದು ಹದಿನಾಲ್ಕೇ. “ನನ್ನ ಕೈಲಿ ಆಗಲ್ಲಮ್ಮ ಇದು” ಎಂದು ಅಕ್ಕನಿಗೆ ಹೇಳಿ, ಕಚೇರಿಯೊಳಗೂ ತಿಳಿಸಿ ಹೋದರು. ಆ ಭಾನುವಾರ ಸಭಾಂಗಣಕ್ಕೆ ಬೀಗ ಬಿದ್ದಿದ್ದರಿಂದ ನನ್ನ ಹೊಲಿಗೆ ಅಂಗಡಿಯಲ್ಲೇ ಕೂಟ ಸೇರಿತು. ಅರೆಹೊಲಿದ ಅಂಗಿಗಳ ನಡುವೆ ನಿಂತು ಅದೇ ಮೇಸ್ತ್ರಿ ‘ಕಲ್ಲಿನ ಪದರ ಗುರುತಿಸುವುದು ಹೇಗೆ’ ಎಂದು ನಲವತ್ತು ನಿಮಿಷ ಮಾತಾಡಿದರು. ಮೇಷ್ಟ್ರು ಮೊದಲ ಸಾಲಿನಲ್ಲಿ ಕೂತು ಟಿಪ್ಪಣಿ ಮಾಡಿಕೊಂಡರು. ಈಗ ನಮ್ಮ ಸದಸ್ಯರು ಹತ್ತೊಂಬತ್ತು. ಅವರಲ್ಲಿ ಐವರು ತಮ್ಮ ಕಚೇರಿಯವರೇ. ಯಾರೆಂದು ಹೇಳುವುದಿಲ್ಲ, ಹನ್ನೊಂದು ಗಂಟೆಗೆ ಚಹಾಕ್ಕೆಂದು ಎದ್ದು ಹೋದವರು ಮೆಟ್ಟಿಲಲ್ಲಿ ಏಕೆ ತಡಮಾಡುತ್ತಾರೆಂದು ತಾವೇ ಗಮನಿಸಿ.

ಆದರೆ ಬರುವ ಸೋಮವಾರ ಬೇರೊಬ್ಬ ಕೆಲಸಗಾರರು ಉಳಿ ಸುತ್ತಿಗೆ ತರುತ್ತಾರೆಂದು ತಿಳಿದಿದೆ. ಹತ್ತು ಕೋಟಿ ವರ್ಷ ಕೆಸರು, ಭಾರ, ಬಿಸಿ, ಗಣಿಯ ಸಿಡಿಮದ್ದು, ಮೂರು ತಲೆಮಾರಿನ ಅರ್ಜಿದಾರರ ಚಪ್ಪಲಿ ಎಲ್ಲವನ್ನೂ ಸಹಿಸಿ ಉಳಿದದ್ದು ಒಂದೇ ಬೆಳಗಿನಲ್ಲಿ ಪುಡಿಯಾಗುತ್ತದೆ. ಮತ್ತೆ ಹಾಕಿಸಲು ಬರುವುದಿಲ್ಲ. ಯಾವ ನಮೂನೆ ತುಂಬಿದರೂ ಬರುವುದಿಲ್ಲ.

ಅದಕ್ಕೇ ಭಾನುವಾರ ಹತ್ತು ಗಂಟೆಗೆ ಕೂಟದ ಉಪನ್ಯಾಸವನ್ನು ತಮ್ಮ ಮೆಟ್ಟಿಲ ಮೇಲೆಯೇ ಇಟ್ಟುಕೊಂಡಿದ್ದೇವೆ. ಕಚೇರಿಗೆ ಅಂದು ರಜೆ, ಯಾರಿಗೂ ಅಡ್ಡಿಯಿಲ್ಲ. ಮಾತಾಡುವವಳು ಅಕ್ಕ. ಜನರೆದುರು ನಿಂತು ಅವಳು ಈವರೆಗೆ ಉಪನ್ಯಾಸ ಕೊಟ್ಟವಳಲ್ಲ. ಬದುಕಿಡೀ ಬೇರೆಯವರ ಮಾತು ತಿದ್ದಿದವಳು. ನಿನ್ನೆ ನನ್ನ ಮುಂದೆ ಬಂದು ಕೈ ಅಗಲಿಸಿ ನಿಂತಳು. “ಅಳತೆ ತಗೋ. ಒಂದು ಕೋಟು ಬೇಕು.” ಎರಡು ವರ್ಷದಲ್ಲಿ ಅವಳು ತನಗೆಂದು ಕೇಳಿದ ಮೊದಲ ಬಟ್ಟೆ ಅದು. ಟೇಪು ಸುತ್ತಿ ಎದೆ, ತೋಳು ಎಲ್ಲ ಬರೆದುಕೊಂಡೆ. ಜೇಬು ಎಷ್ಟು ದೊಡ್ಡದಿರಲಿ ಎಂದು ಕೇಳಿದೆ. “ಏನು ಸಿಗುತ್ತೋ ಹೇಗೆ ಹೇಳ್ಲಿ? ದೊಡ್ಡದಾಗೇ ಇಡು” ಎಂದಳು.

ಆದ್ದರಿಂದ ಮಾನ್ಯರೇ, ನಮ್ಮ ಆಗ್ರಹ ಇಷ್ಟು. ಸಭಾಂಗಣದ ಬೀಗ ತೆಗೆಸಿ. ಒಂಬತ್ತನೇ ಕಲಂ ಇರಲಿ ಎಂದರೆ ಇರಲಿ, ಆದರೆ ಅದನ್ನು ಹಿಂದಿರುಗಿ ಬಂದ ಮೇಲೆ ತುಂಬಲು ಬಿಡಿ. ಎಷ್ಟು ಪುಟ ಬೇಕಾದರೂ ತುಂಬಿಕೊಡುತ್ತೇವೆ. ಉಳಿ ಸುತ್ತಿಗೆಯ ಆದೇಶವನ್ನು ಮಾತ್ರ ಶನಿವಾರ ಸಂಜೆಯೊಳಗೆ ಹಿಂತೆಗೆದುಕೊಳ್ಳಿ. ಹಿಂತೆಗೆದುಕೊಂಡರೆ ಭಾನುವಾರ ತಾವೂ ಬನ್ನಿ, ಮೊದಲ ಪ್ರಶ್ನೆ ತಮ್ಮದೇ. ಹಿಂತೆಗೆದುಕೊಳ್ಳದಿದ್ದರೆ ಸೋಮವಾರ ಬೆಳಗ್ಗೆ ತಮ್ಮ ಕೆಲಸಗಾರರು ಬರುವ ಹೊತ್ತಿಗೆ ಹನ್ನೆರಡು ಮೆಟ್ಟಿಲಲ್ಲಿ ಹತ್ತೊಂಬತ್ತು ಜನ ಕೂತಿರುತ್ತೇವೆ. ಎದ್ದೇಳಿ ಎಂದು ಹೇಳಲು ತಾವೇ ಖುದ್ದಾಗಿ ಬರಬೇಕು, ಮತ್ತು ಬರುವಾಗ ಕೆಳಗೆ ನೋಡಿಕೊಂಡು ಬರಬೇಕು.

ಇಂತಿ,
ಸಭೆಗೆ ಬಾರದಿದ್ದ ದಿನ ಸರ್ವಾನುಮತದಿಂದ ಕಾರ್ಯದರ್ಶಿಯಾಗಿ ಆರಿಸಲ್ಪಟ್ಟ, ಮಂಡಿ ನೋವಿಗೆ ಮುಲಾಮು ಹಚ್ಚಿಕೊಂಡು ಕೋಟಿಗೆ ಕಾಜಾ ಹೊಲಿಯುತ್ತಿರುವ,
ಒಬ್ಬಳು ದರ್ಜಿ